ಪೂರ್ತಿ ವಾಕ್ಯದಲ್ಲಿ ಉತ್ತರಿಸಿ

ಭಾನುವಾರ ಮಧ್ಯಾಹ್ನ ಹರಿಹರಕ್ಕೆ ಇಷ್ಟೊಂದು ರೈಲು ಎಲ್ಲಿಂದ ಬರುತ್ತಿವೆ ಎಂದು ಶಾಂತಲಾ ದಿಂಬಿನಡಿ ತಲೆ ತೂರಿಸಿಕೊಂಡು ಯೋಚಿಸಿದಳು.

ಒಂದು ಕೂಗಿತು. ಕಣ್ಣು ಕೂಡುವಷ್ಟರಲ್ಲಿ ಇನ್ನೊಂದು. ಹೊಳೆ ಕಡೆಯ ಈ ಓಣಿಯಲ್ಲೇ ಹುಟ್ಟಿ ಬೆಳೆದವಳಿಗೆ ಯಾವ ಗಾಡಿ ಯಾವ ಹೊತ್ತಿಗೆ ಕೂಗುತ್ತದೆ ಎಂದು ಗೊತ್ತಿತ್ತು. ಈ ಕೂಗು ಅವ್ಯಾವುದರದ್ದೂ ಅಲ್ಲ. ಸಣ್ಣಗೆ, ಎಳೆದೆಳೆದು, ಮುನಿಸಿಕೊಂಡ ಮಗು ಮೂಲೆಯಲ್ಲಿ ಕೂತು ಅತ್ತ ಹಾಗೆ.

"ಅವ್ವಾ, ಎಲ್ಲಿಂದ ಬರ್ತೈತೆ ಇದು?"

"ಪಕ್ಕದ ಗೇಮಿನ ಅಂಗ್ಡಿ," ಓಬವ್ವ ಅಡುಗೆಮನೆಯಿಂದಲೇ ಹೇಳಿದಳು. "ಮೊನ್ನೆ ದೀಪಾವಳಿಯಿಂದ ಹಿಂಗೇ ಐತೆ. ನೀನು ಮನ್ಯಾಗೆ ಇದ್ರೆ ತಾನೆ ಗೊತ್ತಾಗೋದು?"

ಮನೆಯಲ್ಲಿ ಇರುವುದಾದರೂ ಯಾವಾಗ? ವಾರದಲ್ಲಿ ಆರು ದಿನ ಬೆಳಗಿನ ಬಸ್ಸಿಗೆ ದಾವಣಗೆರೆ. ಸರಸ್ವತಿ ನಗರದ ಒಂದು ಮಹಡಿಯ ಮೇಲೆ ನಾಗಭೂಷಣ್ ಎಂಬವರು ನಡೆಸುತ್ತಿದ್ದ ಟ್ಯುಟೋರಿಯಲ್‌ನಲ್ಲಿ ಅವಳು ಇಂಗ್ಲಿಷ್ ಮೇಡಂ. ಎಸ್ಸೆಸ್ಸೆಲ್ಸಿ ಫೇಲಾದವರು, ಪಿಯುಸಿ ಫೇಲಾದವರು, ಮತ್ತೆ ಕಟ್ಟಿ ಮತ್ತೆ ಫೇಲಾದವರು. ವರ್ಷ ಬದಲಾದರೂ ಪಾಠ ಅದೇ, ಪದ್ಯ ಅದೇ, ತಪ್ಪುಗಳೂ ಅವೇ. ಬಿ.ಎಡ್. ಮುಗಿಸಿ ಸರ್ಕಾರಿ ನೇಮಕಾತಿಗೆ ಕಾಯುತ್ತ ಕೂತವಳ ಕಣ್ಣೆದುರು ತಂಗಿಯ ಮದುವೆಯಾಯಿತು, ಅಪ್ಪ ಹೋದ, ಅವಳಿಗೆ ಮೂವತ್ತು ದಾಟಿತು. ಸೀಮೆಸುಣ್ಣದ ಪುಡಿಗೆ ಗಂಟಲು ಒಡೆದು ದನಿ ಗಂಡಸಿನ ದನಿಯಂತಾಗಿತ್ತು. ಭಾನುವಾರ ಮಧ್ಯಾಹ್ನದ ನಿದ್ದೆಯೊಂದೇ ಅವಳದು ಅಂತ ಉಳಿದಿದ್ದ ಆಸ್ತಿ. ಅದಕ್ಕೂ ಈಗ ಯಾರೋ ಕೈ ಹಾಕಿದ್ದರು.

ಮತ್ತೆ ಕೂಗಿತು. ಶಾಂತಲಾ ಎದ್ದಳು. ಬಿಚ್ಚಿದ ತುರುಬನ್ನು ಹಾಗೆಯೇ ಕೈಯಲ್ಲಿ ಸುತ್ತಿಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ಜಗಳಕ್ಕೆ ಹೊರಟಳು.

ಅಂಗಡಿಯ ಶಟರು ಅರ್ಧ ಇಳಿದಿತ್ತು. ಬಗ್ಗಿ ನೋಡಿದರೆ ಗೋಡೆಗೆ ಸಾಲಾಗಿ ಮೂರು ಟಿವಿ, ಮುಂದೆ ವೈರು ಸುತ್ತಿಟ್ಟ ಜಾಯ್‌ಸ್ಟಿಕ್ಕುಗಳು. ಹುಡುಗರೆಲ್ಲ ಊಟಕ್ಕೆ ಹೋಗಿದ್ದರು. ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರ್. ಅದರ ಮುಂದೆ ಬೆನ್ನು ಮಾಡಿ ಕೂತಿದ್ದವನು ಎರಡು ಬೆರಳಿನಲ್ಲಿ ಏನೋ ಒತ್ತಿ ಉಸಿರು ಹಿಡಿದು ಕಾದ. ಪರದೆಯ ಮೇಲೆ ಹಿಮ ಬೀಳುತ್ತಿದ್ದ ಯಾವುದೋ ಸ್ಟೇಷನ್ನಿನಿಂದ ಒಂದು ರೈಲು ಕೂಗಿಕೊಂಡು ಹೊರಟುಹೋಯಿತು.

"ರೀ, ಯಾರದು ಅಂಗ್ಡಿ?"

ಅವನು ಎದ್ದ ರಭಸಕ್ಕೆ ಸ್ಟೂಲು ಉರುಳಿತು. ಎತ್ತರದ ಆಳು. ಮೀಸೆಯಲ್ಲಿ ಒಂದೆರಡು ಬಿಳಿ ಕೂದಲು, ಅಂಗಿಯ ಮೇಲಿನ ಗುಂಡಿ ಬೇರೆ ಬಣ್ಣದ್ದು.

"ನಂದೇರಿ. ಬರ್ರಿ, ಕೂಡ್ರಿ."

"ಕೂಡಾಕೆ ಬಂದಿಲ್ಲ. ಪಕ್ಕದ ಮನೆಯೋಳು ನಾನು. ನಿಮ್ಮ ರೈಲು ನನಗೆ ಮಲಗಾಕೆ ಬಿಡವಲ್ದು."

ಅವನು ಪರದೆಯ ಕಡೆ ನೋಡಿ ನಿಟ್ಟುಸಿರು ಬಿಟ್ಟ. "ನನಗೆ ಹತ್ತಾಕೂ ಬಿಡವಲ್ದ್ರಿ."

ಶಾಂತಲಾಳಿಗೆ ನಗು ಬಂತು. ಬರಬಾರದಿತ್ತು, ಬಂತು. ಜಗಳದ ಬಿಸಿ ಅಷ್ಟಕ್ಕೇ ಆರಿಹೋಯಿತು.

ಅವನ ಹೆಸರು ಹನುಮೇಶ್. ಊರು ಹತ್ತಿರದ ಸಾರಥಿ ಹಳ್ಳಿ. ದಾವಣಗೆರೆಯ ಗಿರಣಿಯೊಂದರಲ್ಲಿ ಬದಲಿ ಕೆಲಸಗಾರನಾಗಿದ್ದ. ಗಿರಣಿ ಮುಚ್ಚಿದ ಮೇಲೆ ಈ ಅಂಗಡಿ ಹಾಕಿದ್ದ. ಹತ್ತಿ ವ್ಯಾಪಾರದ ಆಫೀಸೊಂದು ಬಾಗಿಲು ಹಾಕಿದಾಗ ಆ ಕಂಪ್ಯೂಟರ್ ಹಳೇ ಮೇಜಿನ ಜೊತೆ ಸಿಕ್ಕಿತ್ತಂತೆ. ಒಳಗೆ ಈ ಆಟವೂ ಇತ್ತು. ಗುಂಡು ಹೊಡೆಯುವಂಥದ್ದೇನೂ ಇಲ್ಲವೆಂದು ಹುಡುಗರು ಅದನ್ನು ಮುಟ್ಟುತ್ತಿರಲಿಲ್ಲ. ಅವನಿಗೆ ಮಾತ್ರ ಆ ಹಿಮ ಹಿಡಿಸಿಬಿಟ್ಟಿತ್ತು. ನೋಡುತ್ತ ಕೂತರೆ ಮೈ ತಣ್ಣಗಾಗ್ತೈತೆ ಅಂದ. ಆದರೆ ಟಿಕೆಟ್ ಕಿಟಕಿಯ ಹಿಂದೆ ಕೂತ, ಕನ್ನಡಕದ ಹೆಂಗಸು ಏನೋ ಕೇಳುತ್ತಾಳೆ. ಉತ್ತರವನ್ನು ಒತ್ತಬೇಕು. ತಪ್ಪಿದರೆ ರೈಲು ಹೋಗುತ್ತದೆ.

"ಏನು ಒತ್ತಿದ್ರಿ?"

"ಎಸ್ ಅಂತ ಒತ್ತಿದೆ. ನೋ ಅಂದೆ. ಟಿಕೆಟ್ ಅಂದೆ. ಎಲ್ಲದಕ್ಕೂ ಒಂದೇ ಮಾತು ಹೇಳ್ತಾಳೆ ನೋಡ್ರಿ ಈ ಯಮ್ಮ."

ಶಾಂತಲಾ ಬಗ್ಗಿ ಪರದೆಯನ್ನು ಓದಿದಳು. 'ಪ್ಲೀಸ್ ಆನ್ಸರ್ ಇನ್ ಎ ಫುಲ್ ಸೆಂಟೆನ್ಸ್.'

"ಪೂರ್ತಿ ವಾಕ್ಯದಾಗೆ ಉತ್ತರ ಹೇಳಪ್ಪ ಅಂತಾಳೆ," ಎಂದಳು. ಎಷ್ಟು ಸಾವಿರ ಪೇಪರುಗಳ ಮೇಲೆ ಕೆಂಪು ಇಂಕಿನಲ್ಲಿ ಈ ಮಾತನ್ನು ತಾನೇ ಬರೆದಿದ್ದಳೋ! ಆ ಕನ್ನಡಕದ ಹೆಂಗಸಿನ ಮೇಲೆ ಅವಳಿಗೆ ಒಂದು ನಮೂನೆ ಕರುಣೆ ಹುಟ್ಟಿತು. ಅವಳೂ ಪಾಪ ಅದೇ ಕಿಟಕಿಯಲ್ಲಿ ಕೂತು ಬಂದವರಿಗೆಲ್ಲ ಅದನ್ನೇ ಹೇಳುತ್ತಿರಬೇಕು.

ಇಲ್ಲಿಗೆ ಯಾಕೆ ಬಂದೆ ಎಂಬುದು ಆ ಹೆಂಗಸಿನ ಪ್ರಶ್ನೆ. ಶಾಂತಲಾ ನಿಂತಲ್ಲೇ ಕೀಬೋರ್ಡಿಗೆ ಕೈ ಹಾಕಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು. ನಾನು ನನ್ನ ಅಣ್ಣನನ್ನು ಹುಡುಕುತ್ತಿದ್ದೇನೆ. ಐ ಆಮ್ ಲುಕಿಂಗ್ ಫಾರ್ ಮೈ ಬ್ರದರ್. ರೈಲು ಕೂಗಲಿಲ್ಲ. ಕಿಟಕಿಯ ಹೆಂಗಸು ಕನ್ನಡಕ ತೆಗೆದು ಒರೆಸಿಕೊಂಡು, ಪ್ಲಾಟ್‌ಫಾರ್ಮಿನ ಬಾಗಿಲು ತೆರೆದಳು.

ಹನುಮೇಶ್ ಬಾಗಿಲನ್ನು ನೋಡಲಿಲ್ಲ. ಶಾಂತಲಾಳನ್ನು ನೋಡಿದ. ಬಿಚ್ಚುಗೂದಲು, ಬರಿಗಾಲು, ಕೆನ್ನೆಯ ಮೇಲೆ ದಿಂಬಿನ ಗೆರೆ. ಯಾವತ್ತೋ ಕಳೆದುಹೋಗಿದ್ದ ವಸ್ತು ತಾನಾಗಿಯೇ ನಡೆದು ಬಂದಂತೆ ನೋಡಿದ. ಅವಳು ಸೆರಗು ಸರಿಮಾಡಿಕೊಂಡಳು.

"ಈ ಆಟದಾಗಿನೋನು ಅಣ್ಣನ್ನ ಹುಡುಕಾಕೆ ಬಂದಾನೆ ಅಂತ ಹೆಂಗೆ ಗೊತ್ತಾತ್ರಿ?"

"ಅಲ್ಲಿ ಸ್ಟೇಷನ್ ಗೋಡೆ ಮೇಲೆ ಬರದೈತಲ್ಲ."

"ಅದು ಬರಹ ಅಂತ ನನಗೆ ಗೊತ್ತೇ ಇರಲಿಲ್ಲ. ಗೋಡೆ ಚಿತ್ರ ಅನ್ಕೊಂಡಿದ್ದೆ."

ಮಾರನೆಯ ದಿನ ಸಂಜೆ ಅವನು ಓಬವ್ವನ ಜಗಲಿಯ ಮುಂದೆ ನಿಂತಿದ್ದ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದು ಬಿದ್ದುಹೋಗಿ ವರ್ಷಗಳೇ ಆಗಿವೆ. ಉಳಿದದ್ದೆಲ್ಲ ಪಾಸು. ಕರೆಂಟಿನವರು ಲೈನ್‌ಮನ್ ತಗೊಳ್ಳುತ್ತಾರಂತೆ, ಎಸ್ಸೆಸ್ಸೆಲ್ಸಿ ಆಗಿರಬೇಕು. ವಯಸ್ಸು ಮೀರುವ ಮೊದಲು ಬರೆಯಲು ಇದೊಂದೇ ಪರೀಕ್ಷೆ ಉಳಿದಿದೆ. ಇಷ್ಟನ್ನು ಹೇಳಿ ಅವನು ತಲೆ ತಗ್ಗಿಸಿ ನಿಂತ.

"ಫೀಸು ಎಷ್ಟಂತ ಹೇಳ್ರಿ ಮೇಡಂ."

ಶಾಂತಲಾ ಆಗಷ್ಟೇ ಬಸ್ಸಿಳಿದು ಬಂದಿದ್ದಳು. ಕಾಲು ಸೋತಿದ್ದವು. ಇನ್ನೊಬ್ಬ ಫೇಲಾದವನು, ಅದೂ ಮನೆ ಬಾಗಿಲಿಗೇ. ಆಗಲ್ಲ ಎನ್ನಲು ಬಾಯಿ ತೆರೆದವಳು, "ಫೀಸು ಬ್ಯಾಡ. ಭಾನುವಾರ ಮಧ್ಯಾಹ್ನ ಅಂಗ್ಡಿ ಮುಚ್ಚಬೇಕು, ಅಷ್ಟೇ," ಅಂದುಬಿಟ್ಟಳು.

ಗೇಮಿನ ಅಂಗಡಿಗೆ ಭಾನುವಾರ ಮಧ್ಯಾಹ್ನವೇ ಸುಗ್ಗಿ ಎಂದು ಅವಳಿಗೆ ಆಮೇಲೆ ಗೊತ್ತಾಯಿತು. ಅವನು ಮಾತ್ರ, "ಆತ್ರಿ," ಅಂದಿದ್ದ.

ಮೊದಲು ಪಠ್ಯಪುಸ್ತಕವನ್ನೇ ತೆಗೆದರು. ಅವನು ಓದಲು ಶುರುಮಾಡಿ ನಾಲ್ಕನೇ ಸಾಲಿಗೆ ಬರುವಷ್ಟರಲ್ಲಿ ಕಣ್ಣು ಎಳೆಯುತ್ತಿದ್ದವು. ಪಾಪ, ಹಠ ಮಾಡಿ ತೆರೆದಿಡುತ್ತಿದ್ದ. ನೀರು ಬರುತ್ತಿತ್ತು.

"ಸುಳ್ಳು ಹೇಳಲ್ರಿ ಮೇಡಂ, ಈ ಪುಸ್ತಕದ ವಾಸನೆಗೇ ನನಗೆ ನಿದ್ದಿ ಬರ್ತೈತೆ."

"ನನಗೂ ಬರ್ತೈತೆ," ಎಂದಳು ಶಾಂತಲಾ. ಹಾಗೆ ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ಇದನ್ನು ಅವಳು ಯಾರ ಮುಂದೆಯೂ ಆಡಿದವಳಲ್ಲ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವಳು ಪುಸ್ತಕ ಮುಚ್ಚಿದಳು.

"ಆ ಕನ್ನಡಕದ ಯಮ್ಮ ಬಾಗಿಲು ತೆಗೆದ್ಲಲ್ಲ, ಆಮೇಲೆ ಏನಾತು?"

ಆವತ್ತಿನಿಂದ ಆಟವೇ ಪಾಠವಾಯಿತು. ಸಂಜೆ ಹುಡುಗರನ್ನು ಮನೆಗಟ್ಟಿ, ಶಟರನ್ನು ಪೂರ್ತಿ ಮೇಲೆತ್ತಿ, ಓಣಿಗೆಲ್ಲ ಕಾಣುವಂತೆ ಇಬ್ಬರೂ ಎರಡು ಸ್ಟೂಲಿನ ಮೇಲೆ ಕೂರುತ್ತಿದ್ದರು. ಓಬವ್ವ ಜಗಲಿಯಲ್ಲಿ ಸೊಪ್ಪು ಸೋಸುತ್ತ ಒಂದು ಕಣ್ಣು ಇಟ್ಟಿರುತ್ತಿದ್ದಳು.

ರೈಲು ಮುಟ್ಟಿಸಿದ ಹಿಮದ ಊರಿನಲ್ಲಿ ಅಣ್ಣ ಎಲ್ಲೋ ಕಾಣೆಯಾಗಿದ್ದ. ಕಂಡವರನ್ನೆಲ್ಲ ಕೇಳುತ್ತ ಹೋಗಬೇಕು. ಅವರು ಕೇಳಿದ್ದಕ್ಕೆ ತಪ್ಪಿಲ್ಲದೆ ಹೇಳಬೇಕು. ಕೊನೇ ಸಲ ಅವನನ್ನು ಯಾವಾಗ ನೋಡಿದೆ ಎಂದು ಬ್ರೆಡ್ಡಿನ ಅಂಗಡಿಯವನು ಕೇಳಿದ. ಹನುಮೇಶ್ 'ಐ ಸೀ' ಎಂದು ಒತ್ತಿದ. ನನಗೆ ಅರ್ಥವಾಗಲಿಲ್ಲ ಎಂದು ಅಂಗಡಿಯವನು ಬಾಗಿಲು ಹಾಕಿಕೊಂಡ.

"ಈಗ ನೋಡ್ತಾ ಇದ್ದೀರೇನು ಅವನ್ನ?"

"ಇಲ್ರಿ. ಆಗ ನೋಡಿದ್ದು."

"ಆಗ ಅಂದ್ರೆ?"

"ಸಾ... ಸಾ ಅಲ್ಲೇನ್ರಿ? ಐ ಸಾ ಹಿಮ್!"

ಬಾಗಿಲು ತೆರೆಯಿತು. ಮೂವತ್ತೆರಡರ ಗಂಡಸು ಮಗುವಿನಂತೆ ತೊಡೆ ತಟ್ಟಿಕೊಂಡ. ಕಪ್ಪು ಹಲಗೆಯ ಮೇಲೆ ಎಷ್ಟು ವರ್ಷ ಬರೆದರೂ ಯಾರ ಮುಖದಲ್ಲೂ ಕಾಣದಿದ್ದ ಬೆಳಕು. ಮುಂದೆ ಸಿಕ್ಕ ಗಾರ್ಡ್ ಇನ್ನೂ ಕಠಿಣ. ಅವಳು ನಿನಗೆ ಏನು ಹೇಳಿದಳು, ಇವನು ಏನು ಕೇಳಿದ ಎಂದು ಒಬ್ಬೊಬ್ಬರ ಮಾತನ್ನೂ ವರದಿ ಒಪ್ಪಿಸಬೇಕು. ಪರೀಕ್ಷೆಯಲ್ಲೂ ಹೀಗೆ ಮಾತನ್ನು ವರದಿ ಮಾಡುವ ಐದು ಅಂಕದ ಪ್ರಶ್ನೆಗೆ ಟ್ಯುಟೋರಿಯಲ್ ಹುಡುಗರು ಕೈಮುಗಿದು ಬಿಡುತ್ತಿದ್ದರು. ಹನುಮೇಶ್ ಬಿಡಲಿಲ್ಲ. ಬಿಟ್ಟರೆ ಅಣ್ಣ ಸಿಗುವುದಿಲ್ಲವಲ್ಲ.

ಒಂದು ಸೋಮವಾರ, ದಾವಣಗೆರೆಯ ತರಗತಿಯಲ್ಲಿ ಯಾರೂ ಕೇಳುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಶಾಂತಲಾ ಪುಸ್ತಕ ಬದಿಗಿಟ್ಟು ಆ ಕಥೆಯನ್ನೇ ಹೇಳಿದಳು. ಕನ್ನಡಕದ ಹೆಂಗಸು, ಹಿಮ, ಕಾಣೆಯಾದ ಅಣ್ಣ. ಒಂದೊಂದು ಉತ್ತರವನ್ನೂ ಹುಡುಗರಿಂದಲೇ ಹೇಳಿಸಿದಳು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. "ಆಮೇಲೆ ಏನಾತ್ರಿ ಮೇಡಂ?" ಎಂದರು. ನಾಗಭೂಷಣ್ ಬಾಗಿಲಲ್ಲಿ ನಿಂತು, "ಪೋರ್ಷನ್ ಮುಗಿಸ್ರಿ ಮೇಡಂ, ಕಥಿ ಆಮೇಲೆ," ಅಂದರು. ಅವಳು ತಲೆಯಾಡಿಸಿದಳು. ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಾಗಲೂ ಅವಳ ತುಟಿಯ ಮೇಲೆ ನಗು ಇತ್ತು. ಹನುಮೇಶ್‌ಗೆ ಇದನ್ನು ಹೇಳಬೇಕು ಅಂದುಕೊಂಡಳು. ಹೇಳಲು ಒಬ್ಬರಿದ್ದಾರೆ ಎನ್ನುವುದು ಎಷ್ಟು ಹೊಸದು ಎಂದೂ ಅಂದುಕೊಂಡಳು.

ಆ ಸಂಜೆ ಆಟದ ಮಧ್ಯೆ ಕರೆಂಟು ಹೋಯಿತು. ಓಣಿಯೆಲ್ಲ ನೀಲಿಗತ್ತಲೆ. ಹಿಮದ ಊರು ಇದ್ದಲ್ಲಿ ಈಗ ಕಪ್ಪು ಗಾಜು. ಅದರಲ್ಲಿ ಇಬ್ಬರ ಮುಖ.

ಅವಳು ಗಾಜಿನಲ್ಲಿ ಅವನನ್ನು ನೋಡಿದಳು. ಅವನು ಅಲ್ಲಿ ಮೊದಲೇ ಅವಳನ್ನು ನೋಡುತ್ತಿದ್ದ. ಎದುರುಬದುರಾಗಿದ್ದರೆ ಇಬ್ಬರೂ ಕಣ್ಣು ಕೀಳುತ್ತಿದ್ದರು. ಗಾಜಿನಲ್ಲಿ ಹಾಗೆ ಮಾಡಬೇಕಿಲ್ಲ ಅನ್ನಿಸಿತು.

"ಸುಸ್ತಾಗೈತೇನ್ರಿ ಮೇಡಂ?"

ಎಷ್ಟು ಸಾದಾ ಮಾತು. ಯಾಕ ಇನ್ನೂ ಮದುವೆ ಆಗಿಲ್ಲ ಎಂದು ಕೇಳುವವರಿದ್ದರು. ಯಾವಾಗ ಪರ್ಮನೆಂಟ್ ಆಗ್ತೀರಿ ಎನ್ನುವವರಿದ್ದರು. ಇದನ್ನು ಕೇಳಿದವರು ಯಾರೂ ಇರಲಿಲ್ಲ.

"ಆಗೈತೆ," ಎಂದಳು.

"ಹಂಗಾದ್ರೆ ಇವತ್ತು ಪಾಠ ಬ್ಯಾಡ. ಸುಮ್ನೆ ಕೂಡ್ರಿ."

ಸುಮ್ಮನೆ ಕೂತಳು. ದೂರದಲ್ಲಿ ನಿಜವಾದ ಗಾಡಿಯೊಂದು ಕೂಗಿ ಸೇತುವೆಯ ಮೇಲೆ ಸದ್ದು ಮಾಡಿಕೊಂಡು ಹೋಯಿತು. ಕರೆಂಟು ಬಂದಾಗ ಇಬ್ಬರಿಗೂ ಬಂದದ್ದು ಬೇಡವಾಗಿತ್ತು.

ಮಾರ್ಚ್ ಬಂತು. ಬಿಸಿಲಿಗೆ ಬಸ್ಸಿನ ಸೀಟು ಸುಡತೊಡಗಿತು. ಲೈನ್‌ಮನ್ ಕೆಲಸಕ್ಕೆ ಅರ್ಜಿ ಕೊಡುತ್ತಿದ್ದಾರೆ ಎಂದು ಶಾಂತಲಾ ದಾವಣಗೆರೆಯಲ್ಲಿ ಕೇಳಿದಳು. ಪಾಠ ಮುಗಿಸಿ, ಊಟ ಬಿಟ್ಟು, ಬಿಸಿಲಲ್ಲಿ ಸಾಲು ನಿಂತು ಒಂದು ಅರ್ಜಿ ತಂದಳು. ತಲೆ ಸಿಡಿಯುತ್ತಿತ್ತು. ಆದರೂ ಅಂಗಡಿಯ ಮೆಟ್ಟಿಲು ಹತ್ತುವಾಗ ಹೆಜ್ಜೆ ಹಗುರವಾಗಿತ್ತು.

"ತಗೊಳ್ರಿ. ಪರೀಕ್ಷೆ ಬರದು ಇದನ್ನ ತುಂಬಿದ್ರೆ ಆತು."

ಹನುಮೇಶ್ ಅದನ್ನು ತೆಗೆದುಕೊಳ್ಳಲಿಲ್ಲ. ಮುಖ ಸಣ್ಣದಾಯಿತು.

"ಬ್ಯಾಡ್ರಿ ಮೇಡಂ. ನನಗೆ ವಯಸ್ಸು ಮೀರೈತೆ."

"ಇನ್ನೂ ಒಂದು ವರ್ಷ ಐತೆ ಅಂದಿದ್ರಿ?"

"ಹುಟ್ಟಿದ್ದರ ಲೆಕ್ಕಕ್ಕೆ ಐತೆ. ಸಾಲಿಗೆ ಹಾಕುವಾಗ ನಮ್ಮಜ್ಜ ಒಂದು ವರ್ಷ ಹೆಚ್ಚಿಗಿ ಹೇಳ್ಬಿಟ್ಟಿದ್ದ. ಕರೆಂಟಿನ ಆಫೀಸಿಗೆ ಹೋಗಿ ಸಾಲಿ ಸರ್ಟಿಫಿಕೇಟು ತೋರಿಸ್ದೆ. ಆಗಲ್ಲ ಅಂದ್ರು."

"ಯಾವಾಗ ಹೋಗಿದ್ರಿ?"

ಅವನು ಸುಳ್ಳು ಹೇಳಬಹುದಿತ್ತು. ಇವತ್ತೇ, ನಿನ್ನೆಯೇ ಅನ್ನಬಹುದಿತ್ತು.

"ಸಂಕ್ರಾಂತಿ ಹೊತ್ತಿಗೆ."

ಶಾಂತಲಾಳಿಗೆ ಮೊದಲು ತಲೆನೋವು ನೆನಪಾಯಿತು. ಆಮೇಲೆ ಬಿಟ್ಟ ಊಟ. ಆಮೇಲೆ ಸಂಕ್ರಾಂತಿಯಿಂದ ಈಚೆಗೆ ಈ ಸ್ಟೂಲಿನ ಮೇಲೆ ಕಳೆದ ಅಷ್ಟೂ ಸಂಜೆ.

"ಅಂದ್ರೆ ಇಷ್ಟು ದಿನ ನಾನು ಯಾಕ ಬಂದೆ?" ಒಡೆದ ಗಂಟಲು ಇನ್ನಷ್ಟು ಒಡೆಯಿತು. "ಬೆಳಗಿಂದ ನಿಂತು ಕಾಲು ಬಾತುಕೊಂಡಿರ್ತಾವೆ. ಬಸ್ಸಿಳಿದು ಮನೆಗೆ ಹೋಗಿ ಮಲಗಬಹುದಿತ್ತು ನಾನು. ಇವನಿಗೊಂದು ಕೆಲಸ ಆಗ್ಲಿ ಅಂತ ಬಂದೆ. ಗೊತ್ತಿದ್ದೂ ನೀವು..."

"ಹೌದ್ರಿ."

"ಹೌದು ಅಂದ್ರೆ?"

"ತಪ್ಪಾತ್ರಿ. ಹೇಳಿದ್ರೆ ನೀವು ಬರಾದು ನಿಲ್ಲಿಸ್ತಿದ್ರಿ."

ಅವಳು ಅರ್ಜಿಯನ್ನು ಮೇಜಿನ ಮೇಲಿಟ್ಟು ಇಳಿದುಹೋದಳು. ಆ ಕೊನೆಯ ಮಾತು ಏನೆಂದು ಅರ್ಥವಾಗದ ಹೆಣ್ಣಲ್ಲ ಅವಳು. ಅರ್ಥವಾದದ್ದಕ್ಕೇ ಸಿಟ್ಟು ಹೆಚ್ಚಾಗಿತ್ತು.

ಈಗ ಸಂಜೆಗಳೆಲ್ಲ ಅವಳವೇ. ಬಸ್ಸಿಳಿದವಳು ಅಂಗಡಿಯತ್ತ ನೋಡದೆ ಒಳಗೆ ಹೋಗಿ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು. ನಿದ್ದೆ ಮಾತ್ರ ಬರುತ್ತಿರಲಿಲ್ಲ. ಭಾನುವಾರ ಮಧ್ಯಾಹ್ನ ಓಣಿ ಗಪ್ಪಾಗಿರುತ್ತಿತ್ತು. ಅವನು ಕೊಟ್ಟ ಮಾತಿನಂತೆ ಇನ್ನೂ ಅಂಗಡಿ ಮುಚ್ಚುತ್ತಿದ್ದ. ಆ ಗಪ್ಪನ್ನು ಕೇಳುತ್ತ, ಜಂತೆ ನೋಡುತ್ತ ಅವಳು ಮಲಗಿರುತ್ತಿದ್ದಳು. ಮೊದಲೂ ಸುಸ್ತಾಗುತ್ತಿತ್ತು. ಈಗಿನ ಸುಸ್ತಿಗೆ ಬುಡವೇ ಇರಲಿಲ್ಲ.

ಓಬವ್ವ ಒಂದು ಸಂಜೆ ಮಗಳ ಕಾಲಿಗೆ ಹರಳೆಣ್ಣೆ ಹಚ್ಚುತ್ತ ಕೇಳಿದಳು. "ಅವನು ನಿನಗೆ ಕೆಟ್ಟದ್ದು ಏನು ಮಾಡ್ದ?"

"ಮುಚ್ಚಿಟ್ಟ."

"ಕೇಳಿದ ಕೂಡ್ಲೆ ಹೇಳಿದ್ನಲ್ಲ. ಸುಳ್ಳು ಹೇಳಾಕೂ ಬರಲ್ಲ ಅದಕ್ಕೆ." ಓಬವ್ವ ಇನ್ನೊಂದು ಕಾಲು ಎಳೆದುಕೊಂಡಳು. "ನೀನೂ ಮುಚ್ಚಿಟ್ಟಿ ಬಿಡು. ಅವನ ಕೆಲಸಕ್ಕೆ ಹೋಗ್ತೀನಿ, ಅವನ ಪಾಸಿಗೆ ಹೋಗ್ತೀನಿ ಅಂತಿದ್ದಿ. ಓಣಿ ತಿರುವಿನಾಗೆ ನಿನ್ನ ಕಾಲಿನ ಸಪ್ಪಳ ನನಗೆ ಕೇಳ್ತೈತೆ ಮಗಳೇ. ಇಷ್ಟು ವರ್ಷ ಎಳೆದ್ಕೊಂಡು ಬರ್ತಿದ್ದಿ. ಈ ಚಳಿಗಾಲದಾಗೆ ಓಡಿ ಬಂದಿ. ಪಾಠ ಹೇಳಾಕೆ ಯಾರಾದ್ರೂ ಓಡ್ತಾರೇನು?"

ಶಾಂತಲಾ ಗೋಡೆಯ ಕಡೆ ಹೊರಳಿದಳು. ಅವ್ವನಿಗೆ ಮುಖ ಕಾಣದಿರಲಿ ಎಂದು.

ಸ್ವಲ್ಪ ಹೊತ್ತಿಗೆ ನೀರಿನ ನೆವ ಮಾಡಿ ಹೊರಗೆ ಬಂದಳು. ಪಕ್ಕದ ಶಟರು ಅರ್ಧ ಇಳಿದಿತ್ತು. ಒಳಗಿಂದ ಹನುಮೇಶನ ದನಿ. ಒಂದೊಂದೇ ಪದವನ್ನು ಕಲ್ಲಿನಂತೆ ಎತ್ತಿಡುತ್ತ, ಪರದೆಯ ಮೇಲಿನ ಮಾತನ್ನು ಗಟ್ಟಿಯಾಗಿ ಓದುತ್ತಿದ್ದ. ತಪ್ಪಿದ. ಮೊದಲಿನಿಂದ ಓದಿದ. ಕೆಲಸ ಸಿಗುವುದಿಲ್ಲ, ಮೇಡಂ ಬರುವುದಿಲ್ಲ. ಆದರೂ ಓದುತ್ತಿದ್ದ. ಕೊಡ ಕಂಕುಳಲ್ಲಿಟ್ಟುಕೊಂಡು ಅವಳು ನಿಂತೇ ಇದ್ದಳು. 'ಹ್ಯಾಡ್ ಗಾನ್' ಅನ್ನಬೇಕಾದಲ್ಲಿ 'ಹ್ಯಾಡ್ ವೆಂಟ್' ಎಂದ. ತಿದ್ದಲು ಬಾಯಿವರೆಗೆ ಬಂತು. ನುಂಗಿಕೊಂಡಳು.

ಇಂಗ್ಲಿಷ್ ಪರೀಕ್ಷೆಯ ದಿನ ಶಾಂತಲಾ ನಾಗಭೂಷಣರ ಮುಂದೆ ಹೋಗಿ ಅರ್ಧ ದಿನ ರಜೆ ಕೇಳಿದಳು. ಕಾಯಿಲೆಗೂ ರಜೆ ಹಾಕಿದವಳಲ್ಲ. ಅವರು ಕನ್ನಡಕದ ಮೇಲಿಂದ ನೋಡಿ, "ಮನ್ಯಾಗೆ ಎಲ್ಲ ಆರಾಮಲ್ಲ?" ಅಂದರು.

"ಆರಾಮ ಸರ್. ನನಗೇ ಸ್ವಲ್ಪ ಕೆಲಸ ಐತೆ."

ದಾವಣಗೆರೆಯ ಪರೀಕ್ಷಾ ಕೇಂದ್ರದ ಗೇಟಿನ ಎದುರು, ಬೇವಿನ ಮರದಡಿ, ಮಕ್ಕಳನ್ನು ಕಾಯುತ್ತ ನಿಂತ ತಾಯಂದಿರ ಗುಂಪಿನಲ್ಲಿ ಅವಳೂ ನಿಂತಳು. ಗಂಟೆ ಹೊಡೆಯಿತು. ಹದಿನಾರರ ಹುಡುಗ ಹುಡುಗಿಯರು ಹಕ್ಕಿ ಹಿಂಡಿನಂತೆ ಹೊರಬಿದ್ದರು. ಅವರೆಲ್ಲರ ತಲೆಯ ಮೇಲೆ ಒಂದು ತಲೆ. ಅಂಗಿ ಬೆವರಿಗೆ ಬೆನ್ನಿಗಂಟಿತ್ತು, ಬೆರಳಿಗೆ ಇಂಕು. ಹನುಮೇಶ್ ಅವಳನ್ನು ಕಂಡು ನಿಂತುಬಿಟ್ಟ. ಹಿಂದಿದ್ದ ಹುಡುಗರು ಅವನಿಗೆ ಡಿಕ್ಕಿ ಹೊಡೆದು, "ಅಂಕಲ್, ಸರೀರಿ," ಎಂದು ಬದಿಗೆ ಸರಿದು ಹೋದರು.

ಅವನು ಬಂದು ಎದುರಿಗೆ ನಿಂತ. ಅವಳು ಪ್ರಶ್ನೆಪತ್ರಿಕೆಗೆ ಕೈ ಚಾಚಿದಳು. ಬಿಸಿಲಿಗೆ ಕಣ್ಣು ಕಿರಿದು ಮಾಡಿ ಮೇಲಿನಿಂದ ಕೆಳಗೆ ಓದಿದಳು. ಮೇಡಂ ಓದುವಾಗ ಮಾತಾಡಬಾರದು ಎಂಬಂತೆ ಅವನು ಕಾದ.

"ಇದು?"

"ಬರದೆ."

"ಇದು, ವರದಿ ಮಾಡೋದು?"

"ಗಾರ್ಡಿಗೆ ಹೇಳ್ದಂಗೆ ಹೇಳ್ದೆ. ಬಿಡಿಸಿ ಬಿಡಿಸಿ."

"ಸಂಭಾಷಣೆ? ಡಾಕ್ಟರು, ಪೇಶಂಟು?"

ಅವನು ನೆಲ ನೋಡಿದ. "ಅದೂ ಬರದೀನಿ."

"ಏನಂತ? ಹೇಳ್ರಿ ನೋಡಾಣ."

"ಪೇಶಂಟು ಹೇಳ್ತಾನೆ, ಐ ಆಮ್ ಟೈರ್ಡ್ ಅಂತ. ಡಾಕ್ಟರು ಎಷ್ಟು ದಿನದಿಂದ ಅಂತ ಕೇಳ್ತಾನೆ. ಐ ಹ್ಯಾವ್ ಬೀನ್ ಟೈರ್ಡ್ ಫಾರ್ ಟೆನ್ ಇಯರ್ಸ್ ಅಂತಾನೆ ಪೇಶಂಟು."

"ಹ್ಯಾವ್ ಬೀನ್," ಎಂದಳು ಶಾಂತಲಾ. "ಸರಿ ಐತೆ. ಡಾಕ್ಟರು ಏನು ಔಷಧ ಕೊಟ್ಟ?"

"ಔಷಧದ ಹೆಸರು ಒಂದೂ ಬರಲಿಲ್ರಿ ನನಗೆ ಇಂಗ್ಲಿಷಿನಾಗೆ." ಅವನು ತಲೆ ಕೆರೆದುಕೊಂಡ. "ಪ್ಲೀಸ್ ಸಿಟ್ ಡೌನ್ ಅಂತ ಬರದೆ. ಐ ವಿಲ್ ಸಿಟ್ ವಿತ್ ಯೂ. ಅಷ್ಟೇ ಬರದು ಮುಗಿಸ್ದೆ. ಮಾರ್ಕ್ಸ್ ಕೊಡ್ತಾರೋ ಇಲ್ಲೋ."

ತಾಯಂದಿರು ಮಕ್ಕಳ ಕೈಹಿಡಿದು ಚದುರುತ್ತಿದ್ದರು. ಶಾಂತಲಾ ಪ್ರಶ್ನೆಪತ್ರಿಕೆಯನ್ನು ಸಣ್ಣಗೆ, ಇನ್ನೂ ಸಣ್ಣಗೆ ಮಡಚಿದಳು. ಕಣ್ಣು ತುಂಬಿದ್ದು ಕಾಣಬಾರದೆಂದು ಬೇವಿನ ಮರದ ಮೇಲೆ ನೋಡಿದಳು.

"ಕೆಲಸ ಇಲ್ಲ ಅಂದ ಮೇಲೆ ಯಾಕ ಬರದ್ರಿ?"

"ನೀವು ಅಷ್ಟು ದಣಿದು ಕಲಿಸಿದ್ದು. ಅದನ್ನ ನೀರಿಗೆ ಹಾಕಾಕೆ ಮನಸ್ಸಾಗಲಿಲ್ಲ."

"ಇನ್ನೇನು ಮುಚ್ಚಿಟ್ಟೀರಿ ನನ್ನಿಂದ?"

ಹನುಮೇಶ್ ಈ ಸಲ ತಲೆ ತಗ್ಗಿಸಲಿಲ್ಲ. ಗಾಜಿನಲ್ಲಲ್ಲ, ನೇರ ಅವಳ ಕಣ್ಣಿನಲ್ಲೇ ನೋಡಿದ.

"ಮುಚ್ಚಿಟ್ಟಿಲ್ರಿ, ಹೇಳಾಕೆ ಧೈರ್ಯ ಬರಲಿಲ್ಲ. ಗಿರಣಿ ಕೆಲಸ ಹೋತು. ಈಗ ಇದೂ ಹೋತು. ಊರಾಗೆ ಅಣ್ಣನ ಕೂಡ ಪಾಲಿನ ಹೊಲ ಐತೆ, ಇಲ್ಲಿ ಆ ಅಂಗ್ಡಿ ಐತೆ. ನೀವು ಓದಿದೋರು, ಸಂಜೆ ಎರಡು ತಾಸು ನನ್ನ ಪಕ್ಕ ಕೂತ್ರೆ ಅದೇ ದೊಡ್ಡದು ಅನ್ಕೊಂಡೆ. ನನಗೆ ನೀವು ಬೇಕ್ರಿ. ಇಷ್ಟೇ."

ಜೋರಾಗಿ ಹೋದ ಒಂದು ಆಟೋದ ಧೂಳು ಇಬ್ಬರ ಮೇಲೂ ಕೂತಿತು. ಶಾಂತಲಾ ಸೆರಗಿನಿಂದ ಮುಖ ಒರೆಸಿಕೊಂಡಳು.

"ನೋಡಾಕೆ ಬಂದೋರ ಮುಂದೆ ಹೊಸ ಸೀರೆ ಉಟ್ಕೊಂಡು ಕೂತು ಕೂತು ಸಾಕಾಗೈತೆ ನನಗೆ," ಎಂದಳು ಮೆಲ್ಲಗೆ. "ನಗು ಅಂದ್ರೆ ನಗಬೇಕು, ಹಾಡು ಅಂದ್ರೆ ಹಾಡಬೇಕು. ನಿಮ್ಮ ಮುಂದ ಹಂಗಿಲ್ಲ. ಕೂದ್ಲು ಕೆದರಿದ್ರೂ ಕೂಡಬಹುದು. ಸುಸ್ತಾಗಿದ್ರೂ ಕೂಡಬಹುದು. ನಾನು ಬರ್ತಿದ್ದದ್ದು ಅದಕ್ಕೆ. ನಿಮ್ಮ ಲೈನ್‌ಮನ್ ಕೆಲಸಕ್ಕಲ್ಲ."

ಅವನು ಇಂಕಿನ ಬೆರಳುಗಳನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತ ನಿಂತ.

"ಆಟದಾಗಿನ ಅಣ್ಣ ಸಿಕ್ಕನೇನು?" ಅವಳೇ ಕೇಳಿದಳು.

"ಸಿಕ್ಕ. ಊರ ಹೊರಗೆ ಒಬ್ಬ ಮುದುಕಿ ಮನ್ಯಾಗೆ ಇದ್ದ. ಬರ್ತೀಯೇನು ಅಂತ ಕೇಳಬೇಕು ಅವನ್ನ. ನೀವು ಇಲ್ದೆ ಒತ್ತಲಿಲ್ಲ."

"ನಾಳೆ ಒತ್ತಾಣ. ಈಗ ನಡೀರಿ, ಮೊದ್ಲು ಅವ್ವನಿಗೆ ಹೇಳಬೇಕು. ಮುಂದಿನ ಮಾತು ಆಕೆದು."

ಆ ಮಾತಿಗೆ ಓಬವ್ವ ತಡಮಾಡಲಿಲ್ಲ. ಅದೇ ವಾರ ಸಾರಥಿಗೆ ಹೋಗಿ ಹನುಮೇಶನ ಅಣ್ಣ ಜಂಬಯ್ಯನ ಜೊತೆ ಎಲೆ ಅಡಿಕೆ ಹಾಕಿಕೊಂಡು, ಮದುವೆ ಮಾತು ಮುಗಿಸಿ ಬಂದಳು. ಫಲಿತಾಂಶ ಬಂದು ಹನುಮೇಶ್ ಇಂಗ್ಲಿಷಿನಲ್ಲಿ ಪಾಸಾದನೆಂದು ತಿಳಿಯುವ ಹೊತ್ತಿಗೆ ಮನೆ ಮುಂದೆ ಚಪ್ಪರ ಎದ್ದಿತ್ತು. ಅದೆಲ್ಲ ಆಮೇಲಿನದು.

ಆವತ್ತು ಮಧ್ಯಾಹ್ನ ದಾವಣಗೆರೆಯ ಬಸ್‌ಸ್ಟ್ಯಾಂಡಿನಲ್ಲಿ ರಾಣೆಬೆನ್ನೂರಿನ ಬಸ್ಸು ಸಿಕ್ಕಿತು. ಹರಿಹರದ ಮೇಲೆಯೇ ಹೋಗುವ ಬಸ್ಸು. ಎಂದೂ ಇಲ್ಲದೆ ಖಾಲಿ ಇತ್ತು. ಹನುಮೇಶ್ ಅವಳಿಗೆ ಕಿಟಕಿಯ ಪಕ್ಕ ಬಿಟ್ಟು, ತಾನು ಸೀಟಿನ ತುದಿಗೆ ಮೈ ಮುದುಡಿ ಕೂತ.

"ಸರಿಯಾಗಿ ಕೂಡ್ರಿ. ಬೀಳ್ತೀರಿ," ಎಂದಳು. ಅವನು ಒಂದು ಗೇಣು ಸರಿದ.

ಊರು ದಾಟಿದ ಮೇಲೆ ಬಿಸಿಗಾಳಿ ಬೀಸಿತು. ಶಾಂತಲಾ ಏನೋ ಹೇಳಬೇಕೆಂದಿದ್ದಳು. ರೆಪ್ಪೆ ಭಾರವಾಯಿತು. ಈ ರಸ್ತೆಯಲ್ಲಿ ಇಷ್ಟು ವರ್ಷ ಓಡಾಡಿದರೂ ಬಸ್ಸಿನಲ್ಲಿ ಅವಳು ಕಣ್ಣು ಮುಚ್ಚಿದವಳಲ್ಲ. ಪಕ್ಕದಲ್ಲಿ ಯಾರೋ ಏನೋ, ಸ್ಟಾಪು ತಪ್ಪಿದರೆ ಗತಿಯೇನೋ ಎಂಬ ಎಚ್ಚರ ಮೈಗೆ ಅಂಟಿಕೊಂಡಿತ್ತು. ಇವತ್ತು ಅದು ಯಾವಾಗ ಬಿಟ್ಟುಹೋಯಿತೋ ತಿಳಿಯಲಿಲ್ಲ. ತಲೆ ಮೊದಲು ಕಿಟಕಿಯ ಕಡೆ ವಾಲಿತು, ಆಮೇಲೆ ಈ ಕಡೆ.

ಎಚ್ಚರವಾದಾಗ ಹೊರಗೆ ಕಟಾವಾದ ಜೋಳದ ಹೊಲಗಳು ಬಿಸಿಲಿಗೆ ಬಿದ್ದುಕೊಂಡಿದ್ದವು. ಅವಳ ಕೆನ್ನೆ ಅವನ ಭುಜದ ಮೇಲಿತ್ತು. ಆ ಭುಜ ಬಸ್ಸಿನ ಕುಲುಕಾಟಕ್ಕೂ ಅಲುಗಾಡದಂತೆ ಬಿಗಿಯಾಗಿತ್ತು. ಅವನ ಕೈಯಲ್ಲಿ ಹೊಸದಾಗಿ ಹರಿಸಿಕೊಂಡ ಎರಡು ಟಿಕೆಟು.

"ಹರಿಹರ ಎಲ್ಲಿ?"

"ಹೋತ್ರಿ."

"ಹೋತಾ? ಎಬ್ಬಿಸಾದಲ್ಲೇನು?"

"ಕಂಡಕ್ಟರ್ ಕೂಗಿದ. ನೀವು ಏಳಲಿಲ್ಲ." ಹನುಮೇಶ್ ತಪ್ಪು ಮಾಡಿದವನಂತೆ ಹೇಳಿದ. "ನಿಮ್ಮನ್ನ ಎಬ್ಬಿಸಾಕೆ ನನಗೂ ಮನಸ್ಸಾಗಲಿಲ್ಲ."

ಶಾಂತಲಾ ಅವನ ಮುಖವನ್ನೊಮ್ಮೆ ನೋಡಿದಳು. ಅವ್ವ ದಾರಿ ಕಾಯುತ್ತಿರುತ್ತಾಳೆ ಎನ್ನಬೇಕಿತ್ತು. ಇಳಿದು ಹಿಂದಿನ ಬಸ್ಸು ಹಿಡಿಯೋಣ ಎನ್ನಬೇಕಿತ್ತು.

"ರಾಣೆಬೆನ್ನೂರು ಇನ್ನೂ ಎಷ್ಟು ದೂರ ಐತೆ?"

"ಇನ್ನೂ ಐತ್ರಿ. ಅರ್ಧ ದಾರಿ."

"ಹಂಗಾದ್ರೆ ಬಂದಾಗ ಹೇಳ್ರಿ," ಎಂದು ಅವಳು ಮತ್ತೆ ಕಣ್ಣು ಮುಚ್ಚಿದಳು.